ತೊಗರಿಯ ಹುಳುವಿಗೆ ಬೇವಿನ ಕಷಾಯ

ರೈತ ಬಾಂಧವರಿಗೆ ನಮಸ್ಕಾರ.

ಕಲಬುರಗಿ ಕಡೆ ಈಗ ತೊಗರಿ ಬಿತ್ತನೆಯ ಸಮಯ. ಕಾಯಿಕೊರಕ ಬರಲು ಇನ್ನೂ ನಾಲ್ಕೈದು ತಿಂಗಳಿದೆ. ಆದರೂ ಅದರ ಮಾತು ಇವತ್ತೇ ಆಡಬೇಕು. ಯಾಕೆಂದರೆ ಬೇವಿನ ಹಣ್ಣು ಉದುರುವುದು ಈಗ. ನವೆಂಬರಿನಲ್ಲಿ ಹುಳು ಕಂಡ ಮೇಲೆ ಬೀಜ ಹುಡುಕಿಕೊಂಡು ಹೊರಟರೆ ಎಲ್ಲಿ ಸಿಗುತ್ತದೆ? ಆಗ ಅಂಗಡಿಗೆ ಓಡಿ, ಅವರು ಕೊಟ್ಟ ಕೀಟನಾಶಕ ತಂದು ಹೊಡೆಯುವುದೇ ಆಗುತ್ತದೆ.

ಹಣ್ಣು ಆರಿಸಿದ ದಿನವೇ ತಿರುಳು ತಿಕ್ಕಿ ತೊಳೆಯಿರಿ. ಬೀಜವನ್ನು ನೆರಳಿನಲ್ಲಿ ಚೆನ್ನಾಗಿ ಒಣಗಿಸಿ. ಹಸಿ ಬೀಜ ರಾಶಿ ಹಾಕಿದರೆ ಬೂಷ್ಟು ಹಿಡಿಯುತ್ತದೆ. ಕಪ್ಪಗಾದ ಬೀಜ ಬಿಸಾಡಿ, ಆಸೆ ಬೇಡ. ಒಣಗಿದ್ದನ್ನು ಗೋಣಿಚೀಲದಲ್ಲಿ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಗಾಳಿ ಆಡುವುದಿಲ್ಲ.

ಬೇವಿನ ಸೊಪ್ಪನ್ನು ಕಾಳಿನ ಜೊತೆ ಇಡುವುದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿಷಯ. ವಿಜ್ಞಾನಿಗಳ ಕಣ್ಣು ಅದರ ಮೇಲೆ ಗಟ್ಟಿಯಾಗಿ ಬಿದ್ದದ್ದು ತಡವಾಗಿ. 1959ರಲ್ಲಿ ಸುಡಾನ್ ದೇಶದಲ್ಲಿ ಮಿಡತೆಗಳು ಕಂಡದ್ದೆಲ್ಲ ತಿಂದವು, ಬೇವನ್ನು ಮಾತ್ರ ಬಿಟ್ಟವು. ಅದನ್ನು ಗಮನಿಸಿದವರು ಜರ್ಮನಿಯ ಕೀಟವಿಜ್ಞಾನಿ ಹೈನ್ರಿಖ್ ಶ್ಮುಟ್ಟರರ್. ಮುಂದೆ 1968ರಲ್ಲಿ ಬೇರೆ ವಿಜ್ಞಾನಿಗಳು ಬೇವಿನ ಬೀಜದಿಂದ ಅಜಾಡಿರಾಕ್ಟಿನ್ ಎಂಬ ಅಂಶವನ್ನು ಬೇರ್ಪಡಿಸಿದರು.

ಈ ಅಂಶ ಹುಳುವನ್ನು ನಿಂತಲ್ಲೇ ಕೊಲ್ಲುವುದಿಲ್ಲ. ಇಲ್ಲೇ ಅನೇಕರು ಬೇಸರ ಮಾಡಿಕೊಳ್ಳುತ್ತಾರೆ. ಸಂಜೆ ಹೊಡೆದು, ಬೆಳಗ್ಗೆ ಹೋಗಿ ನೋಡಿ, ‘ಹುಳು ಹಾಗೇ ಇದೆಯಲ್ಲ’ ಅನ್ನುತ್ತಾರೆ. ಹುಳು ಇದೆ, ನಿಜ. ಆದರೆ ಅದು ತಿನ್ನುವುದನ್ನು ಕಡಿಮೆ ಮಾಡಿರುತ್ತದೆ. ಪೊರೆ ಕಳಚಿ ಬೆಳೆಯಲು ಅದಕ್ಕೆ ಆಗುವುದಿಲ್ಲ. ಚಿಟ್ಟೆಯೂ ಕಷಾಯ ಬಿದ್ದ ಗಿಡದಲ್ಲಿ ಮೊಟ್ಟೆ ಇಡಲು ಹಿಂಜರಿಯುತ್ತದೆ. ಹಾಗಾಗಿ ಕಷಾಯ ಹೊಡೆಯಬೇಕಾದದ್ದು ಮೊಟ್ಟೆ ಮತ್ತು ಸಣ್ಣ ಹುಳುವಿನ ಹಂತದಲ್ಲಿ. ಹೂ ಬಿಡುವಾಗ ಗಿಡಕ್ಕೆ ಎರಡು ಮೊಟ್ಟೆ ಅಥವಾ ಒಂದು ಹುಳು ಕಂಡರೆ ತಡ ಮಾಡಬೇಡಿ.

ಹುಳು ದಪ್ಪ ಆಗಿ ತಲೆಯನ್ನು ಕಾಯಿಯೊಳಗೆ ತೂರಿಸಿದ ಮೇಲೆ ಬೇವಿನಿಂದ ಜಾಸ್ತಿ ನಿರೀಕ್ಷೆ ಮಾಡಬಾರದು. ಆಗ ಗಿಡದ ಬುಡಕ್ಕೆ ತಾಡಪತ್ರಿ ಹಾಸಿ, ಗಿಡ ಅಲುಗಾಡಿಸಿ, ಬಿದ್ದ ಹುಳುಗಳನ್ನು ಕೂಡಿಸಿ ನಾಶ ಮಾಡುವುದೇ ಮೇಲು. ಆಳು ಬೇಕು, ಒಪ್ಪುತ್ತೇನೆ. ಆದರೆ ಖರ್ಚು ಕೂಲಿಯದು ಮಾತ್ರ.

ಈಗ ಕಷಾಯದ ಲೆಕ್ಕ. 100 ಲೀಟರ್ ದ್ರಾವಣಕ್ಕೆ 5 ಕೆಜಿ ಬೀಜದ ತಿರುಳು. ಸಿಪ್ಪೆ ತೆಗೆದ ತೂಕ ಇದು, ಹಾಗಾಗಿ ಒಣ ಬೀಜ ಹೆಚ್ಚುಕಡಿಮೆ ಇದರ ಎರಡರಷ್ಟು ಬೇಕು. ತಿರುಳು ಕುಟ್ಟಿ ಪುಡಿ ಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಕಲಕಿ, ತೆಳು ಬಟ್ಟೆಯಲ್ಲಿ ಎರಡು ಸಲ ಸೋಸಿ. ಸರಿಯಾಗಿ ಸೋಸದಿದ್ದರೆ ಪಂಪಿನ ನಳಿಕೆ ಕಟ್ಟಿಕೊಂಡು ಇಡೀ ದಿನ ಹಾಳು. ಆಮೇಲೆ ನೀರು ಸೇರಿಸಿ 100 ಲೀಟರ್ ಮಾಡಿ, 100 ಗ್ರಾಂ ಸೋಪಿನ ಪುಡಿ ಕರಗಿಸಿ. ಸೋಪು ಇಲ್ಲದಿದ್ದರೆ ಕಷಾಯ ಎಲೆಗೆ ಅಂಟುವುದಿಲ್ಲ, ಸುಮ್ನೆ ಜಾರಿ ಹೋಗುತ್ತದೆ. ಬಿಸಿಲಿಗೆ ಇದರ ಶಕ್ತಿ ಬೇಗ ಇಳಿಯುತ್ತದೆ. ಅದಕ್ಕೇ ಇಳಿಹೊತ್ತಿನಲ್ಲಿ ಹೊಡೆಯಿರಿ. ತೊಗರಿ ಹೂವಿಗೆ ಬರುವ ಜೇನು ಆ ಹೊತ್ತಿಗೆ ಗೂಡು ಸೇರಿರುತ್ತದೆ, ಅದೂ ಒಂದು ಲಾಭ ಅಲ್ವಾ? ಮಾಡಿದ ಕಷಾಯವನ್ನು ಅವತ್ತೇ ಮುಗಿಸಿ.

ಇನ್ನೊಂದು ಮಾತು. ಗಿಡದಿಂದ ಬಂದದ್ದೆಲ್ಲ ಸಾಧು ಎಂದು ನಂಬಬೇಡಿ. ತಂಬಾಕಿನ ಕಷಾಯವೂ ಗಿಡದ್ದೇ. ಅದರ ನಿಕೋಟಿನ್ ಚರ್ಮದ ಮೂಲಕವೂ ಮೈ ಸೇರುವ ಕಡು ವಿಷ. ಅದನ್ನು ಮನೆಯಲ್ಲಿ ಕುದಿಸುವ ಸಾಹಸ ನನಗಂತೂ ಬೇಡ ಅನಿಸುತ್ತದೆ. ಬೇವು ಅಷ್ಟು ಅಪಾಯದ್ದಲ್ಲ. ಆದರೂ ಹೊಡೆಯುವಾಗ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಪಂಪನ್ನು ಕೆರೆಯಲ್ಲಿ ತೊಳೆಯಬೇಡಿ, ಮೀನಿಗೆ ಒಳ್ಳೆಯದಲ್ಲ.

ಕೊನೆಯದಾಗಿ, ಬೀಜ ತುಂಬಿದ ಚೀಲದ ಮೇಲೆ ತಿಂಗಳು ಬರೆದಿಡಿ. ಮೂರು ತಿಂಗಳು ಕಳೆದ ಬೀಜ ಕಷಾಯಕ್ಕೆ ಚೆನ್ನ. ಎಂಟು ತಿಂಗಳು ದಾಟಿದರೆ ಕುಟ್ಟಿ ಗೊಬ್ಬರದ ಜೊತೆ ಹೊಲಕ್ಕೆ ಹಾಕಿ. ನಮಸ್ಕಾರ.