ಮೊದಲೇ ಸಿದ್ಧಪಡಿಸಿಟ್ಟ ಕ್ವೆರಿ

ಕೇಳುಗರಿಗೆ ನಮಸ್ಕಾರ.

ಸೆಕೆಂಡಿಗೊಮ್ಮೆ ಉಷ್ಣಾಂಶ ಅಳೆದು ತನ್ನೊಳಗಿನ ಡೇಟಾಬೇಸಿನಲ್ಲಿ ಬರೆದಿಡುವ ಒಂದು ಪುಟ್ಟ ಸಾಧನವನ್ನು ಕಲ್ಪಿಸಿಕೊಳ್ಳಿ. ದಿನಕ್ಕೆ 86,400 ಬಾರಿ ಅದು ಮಾಡುವ ಕೆಲಸ ಒಂದೇ: ಕೋಷ್ಟಕಕ್ಕೆ ಹೊಸದೊಂದು ಸಾಲು ಸೇರಿಸುವುದು. ಸಮಯವೂ ಉಷ್ಣಾಂಶವೂ ಬದಲಾಗುತ್ತವೆ, ಡೇಟಾಬೇಸಿಗೆ ಆದೇಶ ಕೊಡುವ ಎಸ್‌ಕ್ಯೂಎಲ್ ಭಾಷೆಯ ವಾಕ್ಯದ, ಅಂದರೆ ಕ್ವೆರಿಯ, ರೂಪ ಮಾತ್ರ ಬದಲಾಗುವುದಿಲ್ಲ. ಹಾಗಿದ್ದೂ ಆ ವಾಕ್ಯವನ್ನು ಪ್ರತಿ ಸಲವೂ ಅಕ್ಷರ ಅಕ್ಷರವಾಗಿ ಜೋಡಿಸಿ, ಹೊಸದಾಗಿ ಓದಿಸುವ ಪ್ರೋಗ್ರಾಮುಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಒಂದೆರಡನ್ನು ನಾನೇ ಬರೆದದ್ದೂ ಉಂಟು.

ಹೀಗೆ ಓದಿಸುವುದು ಅಗ್ಗದ ಕೆಲಸವಲ್ಲ. 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಹೊರತಂದ ಎಸ್‌ಕ್ಯೂಎಲೈಟ್ ಎಂಬ ಡೇಟಾಬೇಸ್ ತಂತ್ರಾಂಶ ಇಂಥ ಸಾಧನಗಳಲ್ಲಿ ಬಹಳ ಬಳಕೆಯಲ್ಲಿದೆ. ಅದು ಮೊದಲು ವಾಕ್ಯವನ್ನು ಪದಗಳಾಗಿ ಬಿಡಿಸಿ, ವ್ಯಾಕರಣ ನೋಡಿ, ಹೆಸರಿಸಿದ ಕೋಷ್ಟಕವೂ ಕಾಲಂಗಳೂ ನಿಜಕ್ಕೂ ಇವೆಯೇ ಎಂದು ಪರೀಕ್ಷಿಸಿ, ಸಾಲುಗಳನ್ನು ಬೇಗ ಹುಡುಕಿಕೊಡುವ ಸೂಚಿಗಳಲ್ಲಿ, ಅಂದರೆ ಇಂಡೆಕ್ಸ್‌ಗಳಲ್ಲಿ, ಯಾವುದನ್ನು ಬಳಸಬೇಕೆಂದು ನಿರ್ಧರಿಸಿ, ಕೊನೆಗೆ ಬೈಟ್‌ಕೋಡ್ ಎಂಬ ಚಿಕ್ಕ ಪ್ರೋಗ್ರಾಮೊಂದನ್ನು ರಚಿಸಿಕೊಳ್ಳುತ್ತದೆ. ನಿಜವಾಗಿ ನಡೆಯುವುದು ಆ ಬೈಟ್‌ಕೋಡ್. ವಾಕ್ಯದ ಮುಂದೆ ‘ಎಕ್ಸ್‌ಪ್ಲೇನ್’ ಎಂದು ಸೇರಿಸಿದರೆ ಅದರ ಪಟ್ಟಿಯೇ ಕಣ್ಣಿಗೆ ಬೀಳುತ್ತದೆ: ಕೋಷ್ಟಕ ತೆರೆ, ಮೊದಲ ಸಾಲಿಗೆ ಹೋಗು, ಕಾಲಂ ಓದು, ಮುಂದಿನ ಸಾಲು, ನಿಲ್ಲು.

ಆದ್ದರಿಂದ ಈ ಸಿದ್ಧತೆಯನ್ನು ಒಮ್ಮೆ ಮಾತ್ರ ಮಾಡಿ, ಸಮಯ, ಉಷ್ಣಾಂಶಗಳಂಥ ಬದಲಾಗುವ ಬೆಲೆಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳನ್ನಿಟ್ಟು, ಪ್ರತಿ ಸಲವೂ ಬೆಲೆಗಳನ್ನಷ್ಟೇ ತುಂಬಿ ನಡೆಸುವುದು ಲೇಸು. ವೇಗ ಹೆಚ್ಚುತ್ತದೆ ಎನ್ನುವುದು ಎಲ್ಲರೂ ಹೇಳುವ ಕಾರಣ. ಮೆಮೊರಿ ಕಡಿಮೆಯಿರುವ ಸಾಧನದಲ್ಲಿ ಅದಕ್ಕಿಂತ ದೊಡ್ಡ ಕಾರಣ ಬೇರೆಯಿದೆ ಎಂಬುದು ನನ್ನ ಅಭಿಪ್ರಾಯ. ವಾಕ್ಯವನ್ನು ಓದುವಾಗ ಬೇರೆ ಬೇರೆ ಅಳತೆಯ ಮೆಮೊರಿ ತುಣುಕುಗಳನ್ನು ಪಡೆದು, ಕೆಲಸ ಮುಗಿದೊಡನೆ ಹಿಂದಿರುಗಿಸಬೇಕಾಗುತ್ತದೆ. ತಿಂಗಳುಗಟ್ಟಲೆ ಆರಿಸದೆ ನಡೆಯುವ ಸಾಧನದಲ್ಲಿ ಈ ಕೊಡುಕೊಳ್ಳುವಿಕೆಯಿಂದ ಮೆಮೊರಿ ಚೂರುಚೂರಾಗಿ, ಒಟ್ಟಾರೆ ಸಾಕಷ್ಟು ಜಾಗವಿದ್ದರೂ ಬೇಕಾದಷ್ಟು ಉದ್ದದ ಒಂದೇ ತುಂಡು ಸಿಗದ ದಿನ ಬರಬಹುದು. ಸಾಧನ ಆರಂಭವಾಗುವಾಗಲೇ ಎಲ್ಲ ಕ್ವೆರಿಗಳನ್ನೂ ಸಿದ್ಧಪಡಿಸಿಟ್ಟರೆ ಆ ಓಡಾಟ ಬಹುಮಟ್ಟಿಗೆ ನಿಲ್ಲುತ್ತದೆ. ಮೆಮೊರಿ ಸಾಲದಿದ್ದರೆ ಅದು ಕೆಲಸದ ಮೇಜಿನ ಮೇಲೆಯೇ ತಿಳಿಯುತ್ತದೆ.

ಸಿದ್ಧ ಕ್ವೆರಿಗಳೇನೂ ಪುಕ್ಕಟೆಯಲ್ಲ. ಪ್ರತಿಯೊಂದೂ ತನ್ನ ಬೈಟ್‌ಕೋಡನ್ನು ಹಿಡಿದುಕೊಂಡು ಕುಳಿತಿರುತ್ತದೆ. ಎಷ್ಟು ಜಾಗ ಹಿಡಿದಿದೆ ಎಂದು ಕೇಳಿ ತಿಳಿಯುವ ಸೌಲಭ್ಯ ಎಸ್‌ಕ್ಯೂಎಲೈಟಿನಲ್ಲೇ ಇದೆ. ವರ್ಷಕ್ಕೊಮ್ಮೆ ಬೇಕಾಗುವ ವರದಿಯ ಕ್ವೆರಿಯನ್ನು ಹಾಗೆ ಇರಿಸಿಕೊಳ್ಳುವುದು ದಂಡ.

ಇನ್ನೊಂದು ತೊಡಕನ್ನು ನಾನು ಪೆಟ್ಟು ತಿಂದು ಕಲಿತೆ. ಪರದೆಗೆ ಅಂಕಿ ತೋರಿಸಲು ಡೇಟಾಬೇಸಿಗೆ ತೆರೆದ ಬೇರೊಂದು ಸಂಪರ್ಕದಲ್ಲಿ ಓದುವ ಕ್ವೆರಿಯನ್ನು ಸಿದ್ಧಪಡಿಸಿ, ಮೊದಲ ಸಾಲು ಸಿಕ್ಕಿದೊಡನೆ ‘ರಿಸೆಟ್’ ಮಾಡದೆ, ಅಂದರೆ ಕ್ವೆರಿಯನ್ನು ಆರಂಭದ ಸ್ಥಿತಿಗೆ ಮರಳಿಸದೆ, ಬಿಟ್ಟಿದ್ದೆ. ಅದರ ಓದು ಮುಗಿದಿಲ್ಲವೆಂದೇ ಡೇಟಾಬೇಸ್ ಭಾವಿಸಿತ್ತು. ಹಾಗಾಗಿ, ಹೊಸ ಬರಹಗಳನ್ನು ಮೊದಲು ದಾಖಲಿಸುವ ‘ವಾಲ್’ ಕಡತವನ್ನು ಮೊದಲಿನಿಂದ ಮರುಬಳಸಲಾಗದೆ ಅದು ಬೆಳೆಯುತ್ತಲೇ ಹೋಯಿತು, ಕೊನೆಗೆ ಸಾಧನದ ಶೇಖರಣೆಯಾದ ಫ್ಲ್ಯಾಷ್ ತುಂಬಿ ಬರವಣಿಗೆಯೇ ನಿಂತಿತು. ನನ್ನ ಪ್ರೋಗ್ರಾಮಿನಲ್ಲಿ ಕಾಣೆಯಾಗಿದ್ದದ್ದು ರಿಸೆಟ್ ಮಾಡುವ ಒಂದೇ ಒಂದು ಸಾಲು. ಅಂದಹಾಗೆ, ರಿಸೆಟ್ ಮಾಡಿದ ಮಾತ್ರಕ್ಕೆ ಹಿಂದೆ ತುಂಬಿದ ಬೆಲೆಗಳು ಅಳಿಯುವುದಿಲ್ಲ. ಹೊಸ ಬೆಲೆ ತುಂಬಲು ಮರೆತರೆ ಹಳೆಯ ಉಷ್ಣಾಂಶವೇ ಮತ್ತೆ ದಾಖಲಾಗುತ್ತದೆ.

ಹಾಗಾದರೆ ಬೈಟ್‌ಕೋಡನ್ನು ದೊಡ್ಡ ಕಂಪ್ಯೂಟರಿನಲ್ಲೇ ರಚಿಸಿ, ವ್ಯಾಕರಣ ಓದುವ ಭಾಗವನ್ನೇ ಸಾಧನದಿಂದ ತೆಗೆದುಹಾಕಬಾರದೇಕೆ? ಈ ಯೋಚನೆ ಹೊಸದಲ್ಲ. 1970ರ ದಶಕದಲ್ಲೇ ಐಬಿಎಂ ಸಂಶೋಧಕರ ‘ಸಿಸ್ಟಂ ಆರ್’ ಎಸ್‌ಕ್ಯೂಎಲ್ ವಾಕ್ಯಗಳನ್ನು ಮುಂಚಿತವಾಗಿ ಯಂತ್ರಭಾಷೆಗೆ ಇಳಿಸಿಡುತ್ತಿತ್ತು. ನೆಚ್ಚಿದ್ದ ಇಂಡೆಕ್ಸನ್ನು ಯಾರಾದರೂ ತೆಗೆದರೆ ಆ ರೂಪ ಅಸಿಂಧುವಾಗಿ ವಾಕ್ಯ ಮತ್ತೆ ಕಂಪೈಲ್ ಆಗಬೇಕಿತ್ತು, ಅಂದರೆ ಹೊಸದಾಗಿ ಯಂತ್ರಭಾಷೆಗೆ ಇಳಿಯಬೇಕಿತ್ತು. ಎಸ್‌ಕ್ಯೂಎಲೈಟಿನ ಬೈಟ್‌ಕೋಡಿನಲ್ಲಿ ಕೋಷ್ಟಕವನ್ನು ಗುರುತಿಸುವುದು ಹೆಸರಿನಿಂದಲ್ಲ, ಕಡತದಲ್ಲಿ ಅದು ಆರಂಭವಾಗುವ ಪುಟದ ಸಂಖ್ಯೆಯಿಂದ. ಜೊತೆಗೆ ಆವೃತ್ತಿಯಿಂದ ಆವೃತ್ತಿಗೆ ಬೈಟ್‌ಕೋಡ್ ಬದಲಾಗುತ್ತದೆ. ಹೊರಗೆ ತಯಾರಿಸಿದ ಬೈಟ್‌ಕೋಡನ್ನು ನಂಬಬೇಕಾದರೆ ಡೇಟಾಬೇಸಿನ ರಚನೆಯೂ ತಂತ್ರಾಂಶದ ಆವೃತ್ತಿಯೂ ಕಲ್ಲಿನಂತೆ ಅಲುಗದಿರಬೇಕು.

ಸಾಧನದಲ್ಲೇ ಸಿದ್ಧಪಡಿಸಿದ ಕ್ವೆರಿಗೂ ಇದರ ನೆರಳು ಬೀಳುತ್ತದೆ. ಕೋಷ್ಟಕದ ರಚನೆ ಬದಲಾದರೆ ಎಸ್‌ಕ್ಯೂಎಲೈಟ್ ಆ ಕ್ವೆರಿಯನ್ನು ಸದ್ದಿಲ್ಲದೆ ಮತ್ತೆ ಕಂಪೈಲ್ ಮಾಡುತ್ತದೆ, ಅದಕ್ಕೆ ಬೇಕಾದ ಮೆಮೊರಿಯನ್ನು ಅದೇ ಗಳಿಗೆಯಲ್ಲಿ ಕೇಳುತ್ತದೆ. ಆದುದರಿಂದ ನಾನು ಕೋಷ್ಟಕ ಸೇರಿಸುವ, ಕಾಲಂ ಬದಲಿಸುವ ಕೆಲಸಗಳನ್ನೆಲ್ಲ ಸಾಧನ ಏಳುವಾಗಲೇ ಮುಗಿಸಿ, ಆಮೇಲೆ ಕ್ವೆರಿಗಳನ್ನು ಸಿದ್ಧಪಡಿಸಿ, ಎಷ್ಟು ಬಾರಿ ಮರುಸಿದ್ಧತೆ ನಡೆಯಿತೆಂಬ ಎಣಿಕೆಯನ್ನು ಆಗಾಗ ನೋಡುತ್ತಿರುತ್ತೇನೆ. ಅದು ಸೊನ್ನೆಯಾಗಿಯೇ ಉಳಿಯಬೇಕು.

ನಮಸ್ಕಾರ.