ಪರಿಚಯವಿದ್ದರೆ ಲಂಚ ತಪ್ಪುತ್ತದೆಯೇ?

ನಮಸ್ಕಾರ. ಅಧಿಕಾರಿಯ ಪರಿಚಯವಿದ್ದರೆ ಲಂಚ ಕೊಡಬೇಕಾಗಿಲ್ಲ ಎಂದು ಅನೇಕರು ನಂಬಿದ್ದಾರೆ. ಗುರುತಿನವರ ಬಳಿ ಸಣ್ಣಪುಟ್ಟ ಕೆಲಸಕ್ಕೆ ಕೈಯೊಡ್ಡಲು ಅಧಿಕಾರಿಗೆ ಸಂಕೋಚವಾಗುವುದು ನಿಜವೇ. ಆದರೆ ಟೆಂಡರು, ಪರವಾನಗಿ, ತೆರಿಗೆ ತಪಾಸಣೆಯಂತಹ ದೊಡ್ಡ ವ್ಯವಹಾರಗಳಲ್ಲಿ ಅದೇ ಪರಿಚಯವು ಲಂಚಕ್ಕೆ ಹಾದಿ ಸುಗಮಗೊಳಿಸುತ್ತದೆ.

ಲಂಚದ ಒಪ್ಪಂದವನ್ನು ಯಾವ ನ್ಯಾಯಾಲಯವೂ ಜಾರಿಗೊಳಿಸುವುದಿಲ್ಲ. ಹಣ ಪಡೆದ ಅಧಿಕಾರಿ ಕಡತಕ್ಕೆ ಸಹಿ ಹಾಕದಿದ್ದರೆ ಉದ್ಯಮಿ ದೂರು ಕೊಡುವಂತಿಲ್ಲ. ಸಹಿ ಬಿದ್ದ ಮೇಲೆ ಉದ್ಯಮಿ ಮಾತು ತಪ್ಪಿದರೆ ಅಧಿಕಾರಿಯೂ ಬಾಯಿ ಬಿಡುವಂತಿಲ್ಲ. ಇಬ್ಬರೂ ಸಹಪಾಠಿಗಳೋ ಬಂಧುಗಳೋ ಆಗಿದ್ದು, ಮುಂದೆಯೂ ಮುಖಾಮುಖಿಯಾಗಲೇಬೇಕಾದವರಾದರೆ ಈ ಅಳುಕು ಕಡಿಮೆಯಾಗುತ್ತದೆ. ಯಾರ ಪರಿಚಯವೂ ಇಲ್ಲದ ಉದ್ಯಮಿ ಮಧ್ಯವರ್ತಿಯ ಮೊರೆ ಹೋಗುತ್ತಾನೆ. "ಸಾಹೇಬರು ನಮಗೆ ಬೇಕಾದವರು" ಎಂಬ ಭರವಸೆಗೇ ಅವನು ಪ್ರತ್ಯೇಕವಾಗಿ ಹಣ ತೆರಬೇಕಾಗುತ್ತದೆ. ಪ್ರಾಮಾಣಿಕ ಹೊಸಬರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಬೇರೊಂದಿಲ್ಲ.

ಅರ್ಥಶಾಸ್ತ್ರಜ್ಞ ಕ್ಲಾಸ್ ಆಬ್ಬಿಂಕ್ 2004ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇದನ್ನೇ ಪರೀಕ್ಷಿಸಿತು. ಉದ್ಯಮಿ ಮತ್ತು ಅಧಿಕಾರಿಯ ಪಾತ್ರ ವಹಿಸಿದವರಲ್ಲಿ ಕೆಲವರಿಗೆ ಪ್ರತಿ ಸುತ್ತಿನಲ್ಲೂ ಅದೇ ಜೊತೆಗಾರ, ಉಳಿದವರಿಗೆ ಪ್ರತಿ ಸಲವೂ ಹೊಸಬ. ಜೊತೆ ಬದಲಾಗುತ್ತಿದ್ದ ಕಡೆ ಲಂಚದ ಮೊತ್ತವೂ, ಲಂಚದಿಂದಾದ ಕೆಟ್ಟ ನಿರ್ಧಾರಗಳೂ ಗಣನೀಯವಾಗಿ ಇಳಿದವು. ಭ್ರಷ್ಟಾಚಾರಕ್ಕೆ ಹೆಚ್ಚು ಆಸ್ಪದವಿರುವ ಹುದ್ದೆಗಳಲ್ಲಿ ಒಬ್ಬರೇ ಐದು ವರ್ಷಕ್ಕಿಂತ ಹೆಚ್ಚು ಕಾಲ ಇರಬಾರದೆಂಬುದು ಜರ್ಮನಿಯ ಒಕ್ಕೂಟ ಸರ್ಕಾರದ ಸಾಮಾನ್ಯ ನಿಯಮ. ಆದರೆ ವರ್ಗಾವಣೆಯೇ ಮಾರಾಟದ ಸರಕಾದಲ್ಲಿ ಈ ಮದ್ದು ಕೆಲಸ ಮಾಡದು.

ಪರಿಚಯವು ಲಂಚದ ರೂಪವನ್ನೂ ಬದಲಿಸುತ್ತದೆ. ನೋಟಿನ ಕಂತೆಯ ಬದಲು ಮಗಳಿಗೆ ನೌಕರಿ, ಮದುವೆಗೆ ಉಡುಗೊರೆ, ನಿವೃತ್ತಿಯ ನಂತರ ಸಲಹೆಗಾರನ ಹುದ್ದೆ. ಏಷ್ಯಾದ ಅಧಿಕಾರಿಗಳ ಮಕ್ಕಳು ಮತ್ತು ಆಪ್ತರಿಗೆ ಕೆಲಸ ಕೊಟ್ಟು ವ್ಯವಹಾರ ಗಿಟ್ಟಿಸಿಕೊಂಡ ಆರೋಪದ ಮೇಲೆ ಜೆಪಿ ಮಾರ್ಗನ್ ಬ್ಯಾಂಕು 2016ರಲ್ಲಿ ಅಮೆರಿಕದ ಅಧಿಕಾರಿಗಳಿಗೆ ಸುಮಾರು 26.4 ಕೋಟಿ ಡಾಲರ್ ತೆತ್ತು ಪ್ರಕರಣ ಮುಗಿಸಿಕೊಂಡಿತು. ವಿದೇಶಿ ಅಧಿಕಾರಿಗಳಿಗೆ ಲಂಚ ನೀಡುವುದನ್ನು ನಿಷೇಧಿಸುವ 1977ರ ಅಮೆರಿಕದ ಕಾನೂನು ನಗದನ್ನಷ್ಟೇ ಅಲ್ಲದೆ ಬೆಲೆಯುಳ್ಳ ಏನನ್ನೇ ಆದರೂ ಲಂಚವೆಂದು ಪರಿಗಣಿಸುವುದರಿಂದ ಇದು ಸಾಧ್ಯವಾಯಿತು.

ನಿವೃತ್ತಿಯ ನಂತರ ಕೈಸೇರುವ ಪ್ರತಿಫಲವನ್ನು ಹಿಡಿಯುವುದು ಇನ್ನೂ ಕಷ್ಟ. ನಿವೃತ್ತ ಅಧಿಕಾರಿಗಳು ತಾವು ನಿಯಂತ್ರಿಸುತ್ತಿದ್ದ ಕ್ಷೇತ್ರದ ಖಾಸಗಿ ನೌಕರಿಗೆ ಸೇರುವುದಕ್ಕೆ ನಿರ್ಬಂಧ ಹೇರಬೇಕೆಂದು ವಿಶ್ವಸಂಸ್ಥೆಯ 2003ರ ಭ್ರಷ್ಟಾಚಾರ ವಿರೋಧಿ ಒಡಂಬಡಿಕೆಯ 12ನೇ ವಿಧಿ ಸೂಚಿಸುತ್ತದೆ. ಆದರೆ ಅವಧಿ ಎಷ್ಟಿರಬೇಕೆಂಬುದನ್ನು ಆಯಾ ದೇಶದ ವಿವೇಚನೆಗೇ ಬಿಟ್ಟಿದೆ.