ಅಂಟಿಗೊಂದು ನಮಸ್ಕಾರ

ಎಲ್ಲರಿಗೂ ನಮಸ್ಕಾರ. ಮೈಕು ಆಗಾಗ ಕೊರ್ ಅನ್ನುತ್ತಿದೆ. ಇರಲಿ ಬಿಡಿ, ಇವತ್ತಿನ ವಿಷಯಕ್ಕೆ ಇದೇ ಸರಿಯಾದ ಮೈಕು.

ಒಡೆದ ವಸ್ತುಗಳ ಮಾತು ಬಂದರೆ ಜಪಾನಿನ ಕಿಂತ್ಸುಗಿ, ಅಂದರೆ ಒಡೆದ ಪಾತ್ರೆ ಕೂಡಿಸುವ ಕಲೆ, ಬಂದೇ ಬರುತ್ತದೆ. ನಿಮಗೂ ಗೊತ್ತು. ಒಡೆದ ಬಟ್ಟಲು, ಬಿರುಕಿನ ಉದ್ದಕ್ಕೂ ಚಿನ್ನದ ಗೆರೆ. ಫೋಟೋ ನೋಡಿ ಆಹಾ ಅನ್ನುತ್ತೇವೆ. ನನ್ನ ತಕರಾರು ಶುರುವಾಗುವುದೇ ಇಲ್ಲಿ. ಚೂರುಗಳನ್ನು ಹಿಡಿದಿಟ್ಟಿರುವುದು ಚಿನ್ನ ಅಲ್ಲ, ಉರುಶಿ ಮರದ ಸೊನೆ. ಅದಕ್ಕೆ ಹಿಟ್ಟು ಕಲಸಿ ಅಂಟಿಸುತ್ತಾರೆ. ಗೇರಿನ ಕುಟುಂಬದ ಮರ ಅದು, ಹಸಿ ಸೊನೆ ತಾಗಿದರೆ ಮೈಯೆಲ್ಲ ತುರಿಕೆ. ಬಿಸಿಲಿಗಿಟ್ಟರೆ ಗಟ್ಟಿಯಾಗುವುದಿಲ್ಲ, ಬೆಚ್ಚಗಿನ ತೇವದ ಗಾಳಿಯೇ ಬೇಕು. ಪೆಟ್ಟಿಗೆಯೊಳಗಿಟ್ಟು ವಾರಗಟ್ಟಲೆ ಕಾಯಬೇಕು. ಎಲ್ಲ ಮುಗಿದ ಮೇಲೆ ಗೆರೆಗೆ ಇನ್ನೊಂದು ಕೈ ಸೊನೆ ಬಳಿದು, ಮೇಲೆ ಚಿನ್ನದ ಪುಡಿ ಉದುರಿಸುತ್ತಾರೆ. ದುಡಿದವರು ಒಬ್ಬರು, ಹಾರ ಬಿದ್ದಿದ್ದು ಇನ್ನೊಬ್ಬರ ಕೊರಳಿಗೆ. ಸಭೆಗಳಲ್ಲಿ ಇದೇನೂ ಹೊಸದಲ್ಲ, ಅಲ್ವಾ?

ನನ್ನ ಕಪ್ಪಿನ ಕಥೆ ಹೇಳಿಬಿಡುತ್ತೇನೆ. ಅಮ್ಮನ ಬಿಳಿ ಕಪ್. ತೊಳೆಯುವಾಗ ಕೈಜಾರಿ ಬಿತ್ತು, ಹಿಡಿಕೆ ಮುರಿಯಿತು. ಅಮ್ಮ ಮಲಗಿದ್ದಳು. ಏಳುವುದರೊಳಗೆ ಮುಚ್ಚಿಹಾಕಬೇಕು ಅಂತ, ತಕ್ಷಣ ಹಿಡಿಯುವ ಅಂಟು ತಂದು ಹಚ್ಚಿದೆ. ತಕ್ಷಣವೇ ಹಿಡಿಯಿತು, ನನ್ನ ಹೆಬ್ಬೆರಳನ್ನೂ ಸೇರಿಸಿ! ಅರ್ಧ ಗಂಟೆ ಕಪ್ ಸಮೇತ ಮನೆ ತುಂಬ ಓಡಾಡಿದೆ. ಯಾರೋ ಬಾಗಿಲು ತಟ್ಟಿದರು, ಎಡಗೈಯಲ್ಲಿ ತೆಗೆದೆ, ಬಲಗೈ ಬೆನ್ನ ಹಿಂದೆ. ಅಷ್ಟರಲ್ಲಿ ಅಮ್ಮ ಎದ್ದು ಬಂದಳು. ಏನೂ ಕೇಳಲಿಲ್ಲ. ಬಿಸಿನೀರಿಗೆ ಸೋಪು ಕಲಸಿ, ಕೈ ಕಪ್ ಎರಡನ್ನೂ ಅದರಲ್ಲಿ ಅದ್ದಿಸಿ, ಮೆಲ್ಲಗೆ ಅತ್ತಿತ್ತ ಆಡಿಸಿ ಬಿಡಿಸಿದಳು. ಬೆರಳು ಬಂತು. ಹಿಡಿಕೆ ಸೊಟ್ಟಗೆ ಕೂತಿತ್ತು, ಅದರ ಮೇಲಿನ ಅಂಟಿನಲ್ಲಿ ನನ್ನ ಹೆಬ್ಬೆಟ್ಟು. ಅಮ್ಮ ಅದರಲ್ಲಿ ಪೆನ್ನು ಇಟ್ಟಳು. ಆ ಸೆಟ್ಟಿನ ಉಳಿದ ಐದು ಕಪ್ ಎಲ್ಲಿ ಹೋದವೋ. ಅವು ಸರಿಯಾಗಿದ್ದವು, ಯಾರೂ ಗಮನಿಸಲಿಲ್ಲ.

ಒಡೆದದ್ದೆಲ್ಲ ಚೆಂದ ಅಂತ ನಾನು ಹೇಳುತ್ತಿಲ್ಲ. ಕಾಲಿಗೆ ಚುಚ್ಚಿದ ಗಾಜಿಗೆ ಯಾರಾದರೂ ಥ್ಯಾಂಕ್ಸ್ ಹೇಳುತ್ತಾರಾ? ನನಗೆ ಚೆಂದ ಕಾಣುವುದು ಯಾರೋ ಕೂತು ಕೂಡಿಸಿದ್ದಾರಲ್ಲ, ಆ ಗುರುತು.

ಪೀಸಾದ ಗೋಪುರ ನೋಡಿ. 1173ರಲ್ಲಿ ಕಟ್ಟಲು ಶುರು ಮಾಡಿದರು. ಕೆಳಗೆ ಮೆತ್ತನೆ ಮಣ್ಣು, ಕಟ್ಟುತ್ತಿರುವಾಗಲೇ ವಾಲಿತು. 1990ರಲ್ಲಿ ಬೀಳುವ ಭಯಕ್ಕೆ ಬಾಗಿಲು ಹಾಕಿದರು. ಆಮೇಲೆ ವಾಲಿದ ಕಡೆಯನ್ನು ಮುಟ್ಟದೆ, ಎದುರು ಬದಿಯ ಅಡಿಯಿಂದ ಚೂರುಚೂರೇ ಮಣ್ಣು ತೆಗೆದರು. ಸುಮಾರು 40 ಸೆಂಟಿಮೀಟರ್ ಹಿಂದೆ ಬಂತು. ಅಲ್ಲಿಗೆ ನಿಲ್ಲಿಸಿ 2001ರಲ್ಲಿ ಮತ್ತೆ ತೆರೆದರು. ಪೂರ್ತಿ ನೆಟ್ಟಗೆ ಮಾಡಿದ್ದರೆ ನೋಡಲು ಯಾರು ಹೋಗುತ್ತಿದ್ದರು! ಗೋಪುರದ ಮುಂದೆ ಕೈ ಚಾಚಿ ಫೋಟೋ ತೆಗೆಸಿಕೊಳ್ಳುವವರಿಗೆ ಆ ಮಣ್ಣು ತೆಗೆದವರ ನೆನಪಿರುತ್ತದಾ? ಮತ್ತೆ ಅಂಟಿನ ಕಥೆಯೇ.

ಚೀಟಿ ಬಂತು. ಎರಡು ನಿಮಿಷವಂತೆ. 1820ರಲ್ಲಿ ಗ್ರೀಸಿನ ಮಿಲೋಸ್ ದ್ವೀಪದಲ್ಲಿ ಸಿಕ್ಕ ವೀನಸ್ ಪ್ರತಿಮೆಯ ಬಗ್ಗೆ ಜಾಸ್ತಿ ಹೇಳಬೇಕು ಅಂದುಕೊಂಡಿದ್ದೆ. ತೋಳಿಲ್ಲ, ಆದರೆ ಆ ಕೈಯಲ್ಲಿ ಏನಿತ್ತು ಅಂತ ಇವತ್ತಿಗೂ ಜಗಳ ನಡೆದಿದೆ. ಸದ್ಯಕ್ಕೆ ಅಷ್ಟು ಸಾಕು. ಮುರಿದ ಸ್ನೇಹಗಳ ಬಗ್ಗೆ ಬರೆದುಕೊಂಡು ಬಂದ ಎರಡು ಹಾಳೆ ಹಾಗೇ ಜೇಬಿಗೆ ವಾಪಸ್.

ಕಪ್ ತಂದಿದ್ದೇನೆ, ಈ ಮೇಜಿನ ಮೇಲಿದೆ. ಬಂದು ನೋಡಿ, ಹೆಬ್ಬೆಟ್ಟು ಈಗಲೂ ಕಾಣುತ್ತದೆ. ಹಿಡಿಕೆ ಹಿಡಿದು ಮಾತ್ರ ಎತ್ತಬೇಡಿ.